ಫ್ಯೂಸ್ ನನ್ನ ಮಗಳ ಜೇಬಿನಲ್ಲಿತ್ತು

ಮಾನ್ಯ ನಿರ್ವಹಣಾ ವಿಭಾಗದ ಮುಖ್ಯಸ್ಥರೇ,

ತಮ್ಮ ಕಾಗದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ನನ್ನ ಮಗಳನ್ನು ತಮ್ಮ ‘ಬಹುಕೌಶಲ್ಯ’ ಯೋಜನೆ ಇನ್ನೇನು ಅರೆದು ತಿರುಳು ಮಾಡುವುದರಲ್ಲಿತ್ತು. ಕಾಲೇಜಿನಲ್ಲಿ ಕಲಿಸಿದಂತೆ ‘ಐ ಬೆಗ್ ಟು ಸ್ಟೇಟ್’ ಎಂದು ಆರಂಭಿಸಬೇಕಿತ್ತು. ಮುಂದಿನದು ಮರೆತಿದೆ, ಬೆಗ್ ಮಾಡುವ ಮನಸ್ಸೂ ಇಲ್ಲ.

ಬಹುಕೌಶಲ್ಯದ ಪಾಠ ನನಗೆ ಬೇಡ. ಹೆಂಡತಿ ತೀರಿಕೊಂಡಂದಿನಿಂದ ನಾನೇ ಅಡುಗೆಯವ, ನಾನೇ ದರ್ಜಿ. ಒಮ್ಮೆ ಹಾಲು ಒಲೆಯ ಮೇಲಿಟ್ಟು ಇಸ್ತ್ರಿಗೆ ನಿಂತೆ. ಹಾಲು ಉಕ್ಕಿತೆಂದು ಓಡಿದೆ, ಅಂಗಿ ಸುಟ್ಟಿತು. ಅವಳಿದ್ದಿದ್ದರೆ, “ಎರಡೂ ಕಡೆ ಕೈ ಹಾಕಿ ಅಂತ ಯಾರ್ ಹೇಳಿದ್ರು ನಿಮಗೆ?” ಎನ್ನುತ್ತಿದ್ದಳು. ಇರಲಿ, ವಿಷಯಕ್ಕೆ ಬರುತ್ತೇನೆ.

ಕಾಗದದ ತಿರುಳು ಕಲಸುವ ತೊಟ್ಟಿಯೊಳಗೆ ಆಳೆತ್ತರದ ಬ್ಲೇಡುಗಳಿವೆ. ಫಿಟ್ಟರ್ ರಿಪೇರಿಗೆ ಅದರೊಳಗೆ ಇಳಿಯುವ ಮುನ್ನ ಎಲೆಕ್ಟ್ರೀಷಿಯನ್ ಫ್ಯೂಸ್ ಕಿತ್ತು ಕೈಗೆ ಕೊಡಬೇಕು. ಫಿಟ್ಟರ್ ಅದನ್ನು ಜೇಬಿಗೆ ಹಾಕಿಕೊಂಡು ಇಳಿಯಬೇಕು. ಮೇಲೆ ಬರುವತನಕ ಎಲೆಕ್ಟ್ರೀಷಿಯನ್ ಸ್ವಿಚ್ಚಿನ ಬಳಿಯಿಂದ ಕದಲಬಾರದು. ಇದು ಅಲ್ಲಿನ ರೂಢಿ. ತಾವು ಬಂದಿರಿ, ತಮ್ಮ ಕಣ್ಣಿಗೆ ಬಿದ್ದದ್ದು ಸುಮ್ಮನೆ ಕೂತವನು ಮಾತ್ರ. ಎಲ್ಲರಿಗೂ ಎಲ್ಲ ಕೆಲಸದ ಅರೆಬರೆ ತರಬೇತಿ ಕೊಟ್ಟು, ಎದೆಗೆ ಹೊಸ ಬ್ಯಾಡ್ಜ್ ಚುಚ್ಚಿ, ಇಬ್ಬರ ಕೆಲಸಕ್ಕೆ ಒಬ್ಬೊಬ್ಬರನ್ನೇ ಅಟ್ಟಿದಿರಿ. ‘ಎಫಿಶಿಯೆನ್ಸಿ’ ಎಂದಿರಂತೆ. ಆ ಪದದ ಸ್ಪೆಲ್ಲಿಂಗಿಗೆ ನಾನು ಮೇಷ್ಟರ ಕೈಲಿ ಏಟು ತಿಂದಿದ್ದೇನೆ. ಅರ್ಥಕ್ಕಾಗಿ ತಾವು ಯಾರ ಕೈಲೂ ತಿಂದಂತಿಲ್ಲ.

ಕಳೆದ ವಾರ ಮಗಳು ತಾನೇ ಫ್ಯೂಸ್ ಕಿತ್ತು ಜೇಬಿಗಿಟ್ಟು ಒಬ್ಬಳೇ ಇಳಿದಳು. ಮೊನ್ನೆಮೊನ್ನೆಯವರೆಗೆ ಪ್ಲಂಬರ್ ಆಗಿದ್ದ ಹಿರಿಯರೊಬ್ಬರು ಆ ದಾರಿಯಲ್ಲಿ ಬಂದರು. ಯಂತ್ರ ನಿಂತಿದೆ, ಫ್ಯೂಸ್ ಇಲ್ಲ. ಫ್ಯೂಸ್ ಇಲ್ಲದಿದ್ದರೆ ಹೊಸದು ಹಾಕಿ ಎಂದು ತಾನೇ ತಾವು ಕಲಿಸಿದ್ದು? ಹಾಕಿದರು. ಸ್ವಿಚ್ ಒತ್ತಿದರು. ದೊಡ್ಡ ಸ್ಪ್ಯಾನರ್ ಬೇಕೆಂದು ಮಗಳು ಆಗಷ್ಟೇ ತೊಟ್ಟಿಯ ಆಚೆ ಬದಿಯಿಂದ ಮೇಲೆ ಹತ್ತಿದ್ದಳು. ಅವಳು ನಿಂತಿದ್ದ ಜಾಗದಲ್ಲಿ ಬ್ಲೇಡು ತಿರುಗಿತು.

“ಕೆಟ್ಟಿದೆ ಅನ್ಕೊಂಡು ಸರಿಮಾಡ್ಬಿಟ್ನಲ್ಲಮ್ಮಾ,” ಎಂದರಂತೆ ಆ ಹಿರಿಯರು. ಅವರನ್ನು ನಾನು ದೂರುವುದಿಲ್ಲ. ತಮ್ಮ ತರಬೇತಿಯ ಅತ್ಯುತ್ತಮ ವಿದ್ಯಾರ್ಥಿ ಅವರು.

ಇನ್ನು ಒಬ್ಬಳೇ ಇಳಿಯಲಾರೆ ಎಂದಳು ಮಗಳು. ‘ಬದಲಾವಣೆಗೆ ಅಸಹಕಾರ’ ಎಂದಿತು ತಮ್ಮ ಕಚೇರಿ. ಸೋಮವಾರ ಇಳಿಯದಿದ್ದರೆ ಕೆಲಸವಿಲ್ಲವಂತೆ. ಬಿಟ್ಟುಬಿಡು, ನನ್ನ ಪಿಂಚಣಿಯಲ್ಲಿ ಹೇಗೋ ನಡೆಯುತ್ತದೆ ಎಂದೆ.

“ನಾನ್ಯಾಕಪ್ಪಾ ಬಿಡ್ಲಿ? ನಂಗೆ ಈ ಕೆಲ್ಸ ಇಷ್ಟ. ಹೊರಗೆ ಒಬ್ರು ಇರ್ಬೇಕು, ಅಷ್ಟೇ ನಾನ್ ಕೇಳಿದ್ದು.”

ನಾನು ಕೇಳುವುದೂ ಅಷ್ಟೇ. ಎಲ್ಲರಿಗೂ ಹತ್ತು ವಿದ್ಯೆ ಕಲಿಸಿ, ಸಂತೋಷ. ಆದರೆ ಸೋಮವಾರದೊಳಗೆ ಆ ಬೆದರಿಕೆಯನ್ನು ಹಿಂಪಡೆದು, ತೊಟ್ಟಿಗೆ ಒಬ್ಬರು ಇಳಿದಾಗ ಸ್ವಿಚ್ಚಿಗೆ ಇನ್ನೊಬ್ಬರನ್ನು ಕಾವಲಿಡಿ. ಆಳು ಸಾಲದಿದ್ದರೆ ತಾವೇ ಬನ್ನಿ. ಏನನ್ನೂ ಮುಟ್ಟದೆ ಕೂತಿರುವ ಕೆಲಸ. ಇಡೀ ಕಾರ್ಖಾನೆಯಲ್ಲಿ ಅದಕ್ಕೆ ತಮ್ಮಷ್ಟು ನುರಿತವರು ಇನ್ನೊಬ್ಬರಿಲ್ಲ.

ಇಂತಿ,
ಪಾಳಿ ಮುಗಿಸಿ ಮಗಳು ಬರುವತನಕ ಬಾಗಿಲಿಗೆ ಅಗುಳಿ ಹಾಕಲಾಗದ ಒಬ್ಬ ಅಪ್ಪ