ಜೈಲಿನ ಸೇವೆ ನನ್ನ ಪಾಲಿಗೆ ಬಂತು

ಅಮ್ಮಾ,

ನೀನು ಆಸೆಪಟ್ಟಂತೆ ಚರ್ಚಿನ ಸೇವೆಗೆ ಸೇರಿದೆ, ನೀನು ತೀರಿಕೊಂಡ ಮೇಲೆ. ಇವತ್ತು ಆರಾಧನೆಯಲ್ಲಿ ಪಾದ್ರಿಗಳು ಹೊಸದಾಗಿ ಸೇವೆಗೆ ಸೇರಿದ ನಮ್ಮನ್ನೆಲ್ಲ ಪರಿಚಯಿಸಿದರು. ಹಾಡು ನಡೆಸುವವರು ಮೊದಲು ಲಾರಿ ಓಡಿಸುತ್ತಿದ್ದರಂತೆ, ಮಕ್ಕಳಿಗೆ ಕಲಿಸುವವರು ನರ್ಸ್ ಆಗಿದ್ದರಂತೆ. ಜೈಲು ವಾರ್ಡರ್ ಆಗಿದ್ದ ನಾನು ಇನ್ನು ಕೈದಿಗಳಿಗಾಗಿ ಪ್ರಾರ್ಥಿಸುತ್ತೇನೆ ಎಂದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ನನ್ನ ಕಾವಲಿನಲ್ಲಿ ಶಿಕ್ಷೆ ಮುಗಿಸಿದವನು. ಅವನು ಹೊರಗೆ ಹೋದ.

ಆರಾಧನೆ ಮುಗಿದಾಗ ಬಾಗಿಲಲ್ಲೇ ಕಾದಿದ್ದ. "ನನ್ನ ತಮ್ಮ ಇನ್ನೂ ಒಳಗಿದ್ದಾನೆ ಸಾರ್. ಅವನನ್ನ ನೋಡಿ ಬನ್ನಿ. ಆದ್ರೆ ನಿಂತ್ಕೊಂಡು ಮಾತಾಡ್ಬೇಡಿ, ಪಕ್ಕದಲ್ಲಿ ಕೂತ್ಕೊಳ್ಳಿ," ಎಂದ.

"ಆಗಲಪ್ಪ," ಎಂದೆ.

ನಾಳೆ ಹೋಗಬೇಕು, ಅಮ್ಮಾ. ಲಾಠಿಯಿಲ್ಲದೆ ಆ ಗೇಟು ದಾಟಿ ನನಗೆ ಅಭ್ಯಾಸವಿಲ್ಲ.