ಸೈಲೆನ್ಸರ್ ಹಾಕಿಸಿದ ಸಂಜೆ

ಜಯನಗರ, ಮೂರನೇ ಬ್ಲಾಕ್
ಶ್ರಾವಣ, ೧೯೬೩

ನನ್ನ ಸೇತು ಅಣ್ಣನಿಗೆ,

ನೀನು ಹೋಗಿ ವರ್ಷ ತುಂಬುತ್ತಿದೆ. ಸತ್ತವನಿಗೆ ಕಾಗದ ಬರೆಯುವ ಹುಚ್ಚು ಇವಳಿಗೆಲ್ಲಿಂದ ಬಂತು ಅಂತ ನಗಬೇಡ. ಮನೆಯಲ್ಲಿ ಯಾರ ಹತ್ತಿರ ಹೇಳಿಕೊಂಡರೂ ಅಮ್ಮನ ಕಿವಿಗೆ ಬೀಳುತ್ತದೆ.

ಕಾಮಾಲೆ ನಿನ್ನನ್ನು ಕೊಂಡೊಯ್ದ ಮೇಲೆ ನಿನ್ನ ಮೋಟಾರ್ ಸೈಕಲ್ಲನ್ನು ಹುಳಿಮಾವಿನ ಬೈರಣ್ಣನಿಗೆ ಕೊಟ್ಟೆವು. ಹಾಲಿನ ಕ್ಯಾನು ಕಟ್ಟಿಕೊಂಡು ದಿನಾ ಸಂಜೆ ಅವನು ನಮ್ಮ ರಸ್ತೆಯಲ್ಲೇ ಬಸವನಗುಡಿಗೆ ಹೋಗುತ್ತಾನೆ. ಮಹಾರಾಯ, ಸೈಲೆನ್ಸರ್ ಒಳಗಿನ ತಗಡನ್ನು ಕಿತ್ತೆಸೆದವನು ನೀನೇ ತಾನೆ? ನೀನಿನ್ನೂ ಅಶೋಕ ಪಿಲ್ಲರ್ ಹತ್ತಿರ ಇರುವಾಗಲೇ ಅಮ್ಮನಿಗೆ ಕೇಳಿಸಬೇಕು, ಗೇಟಿಗೆ ಬರುವಷ್ಟರಲ್ಲಿ ಕಾಫಿ ಬಿಸಿಯಾಗಿರಬೇಕು ಅಂತ. ಬೀದಿಯವರೆಲ್ಲ ಬೈದರೂ ನೀನು ಹಲ್ಲು ಕಿರಿಯುತ್ತಿದ್ದೆ. ನೀನು ಹೋದ ಮೇಲೂ ಆ ಸದ್ದು ಅದೇ ಹೊತ್ತಿಗೆ ಬರುತ್ತಿತ್ತು. ಅಮ್ಮ ಎದ್ದು ಹೋಗಿ ಕಾಫಿ ಬಿಸಿ ಮಾಡುತ್ತಿದ್ದಳು, ಲೋಟ ಜಗುಲಿಯ ಮೇಲೆ ಆರುತ್ತಿತ್ತು. ನಾನೋ ಕಿವಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದೆ.

ವರ್ಷದ ಕರ್ಮ ಮಾಡಿ ಪಿತೃಗಳ ಜೊತೆ ಸೇರಿಸದಿದ್ದರೆ ಜೀವ ದಾರಿಯಲ್ಲೇ ಅಲೆಯುತ್ತದೆ ಎಂದು ಪುರೋಹಿತರು ಹೇಳಿ ಕಳಿಸಿದರು. ನಿನ್ನ ತಮ್ಮ ಸೀನು ಸಿದ್ಧನಾದ. ಅಮ್ಮ ಒಪ್ಪಬೇಕಲ್ಲ!

"ದಿನಾ ಮನೇಗೆ ಬರೋ ಮಗನಿಗೆ ಪಿಂಡ ಇಡ್ತೀಯೇನೋ?" ಅಂದಳು. ಒಂದು ಲೋಟ ಕಾಫಿಗೋಸ್ಕರ ನಿನ್ನನ್ನು ಬೀದಿಯಲ್ಲೇ ನಿಲ್ಲಿಸಿಕೊಂಡಿದ್ದಾಳಲ್ಲ ಅಂತ ನನಗೆ ಅವಳ ಮೇಲೆ ಕೆಟ್ಟ ಸಿಟ್ಟು. ಆ ಸದ್ದೊಂದು ನಿಂತರೆ ಸಾಕಪ್ಪಾ ಅಂತ ದೇವರಿಗೆ ಕೈಮುಗಿದಿದ್ದೆ.

ಹೋದ ವಾರ ಸೌತ್ ಎಂಡ್ ಹತ್ತಿರ ಇನ್‌ಸ್ಪೆಕ್ಟರು ಗಾಡಿಗಳನ್ನು ನಿಲ್ಲಿಸಿ ಪರೀಕ್ಷೆ ಮಾಡಿದರಂತೆ. ಬ್ರೇಕು, ದೀಪ, ಹಾರನ್ನು ಎಲ್ಲ ಸರಿಯಿತ್ತಂತೆ. ಇಂಜಿನ್ ಏರಿಸು ಅಂದವರು ಕಿವಿ ಮುಚ್ಚಿಕೊಂಡು, ಇದು ಗಾಡಿಯೋ ಜಾತ್ರೆಯಲ್ಲಿ ಸಿಡಿಸೋ ಗರ್ನಾಲೋ ಅಂದರಂತೆ. ಸರಿಯಾದ ಸೈಲೆನ್ಸರ್ ಹಾಕಿಸಿ ತಂದು ತೋರಿಸದಿದ್ದರೆ ರಸ್ತೆಗೆ ಬಿಡುವುದಿಲ್ಲ ಎಂದು ಹೇಳಿ ಕಳಿಸಿದ್ದಾರೆ. ಬೈರಣ್ಣ ನಮ್ಮ ಗೇಟಿಗೆ ಬಂದು ತಲೆ ತಗ್ಗಿಸಿ ನಿಂತ.

"ಅಕ್ಕ, ಅಮ್ಮೋರು ಕಾಫಿ ಇಡೋದು ನಂಗೊತ್ತು. ಅದ್ಕೇ ಇಷ್ಟ್ ದಿನ ಹಂಗೇ ಓಡಿಸ್ದೆ. ಇನ್ನು ಆಗಕಿಲ್ಲ."

ಅವನಿಗೂ ಗೊತ್ತಿತ್ತು, ನೋಡು. ನಾನು ಅಯ್ಯೋ ಪಾಪ ಅಂದೆ. ಒಳಗೊಳಗೇ ಹಿಗ್ಗಿದ್ದೆ.

ನಿನ್ನೆ ಸಂಜೆ ಗಾಡಿ ಮನೆ ಮುಂದೆಯೇ ಹೋಯಿತು. ಕ್ಯಾನುಗಳು ಕಿಣಿಗುಟ್ಟಿದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತಿದ್ದಳು. ಕತ್ತಲಾಗುತ್ತಾ ಬಂತು. ಬೈರಣ್ಣ ಆಗಲೇ ಹೋದನಮ್ಮ ಅಂದೆ. ಅವಳು ಕಾಫಿ ಬಿಸಿ ಮಾಡಿ ನಿನ್ನ ಲೋಟಕ್ಕೆ ಬಗ್ಗಿಸಿ, ನಿಂತುಕೊಂಡೇ ತಾನೇ ಕುಡಿದಳು. ಲೋಟ ತೊಳೆದು ಬೋರಲು ಹಾಕಿದಳು.

"ಸೀನುಗೆ ಹೇಳು, ಪುರೋಹಿತರನ್ನ ಕರೆಸ್ಲಿ," ಅಂದಳು.

ನಾನು ಬೇಡಿಕೊಂಡದ್ದೇ ಆಯಿತು. ಇವತ್ತು ಸಂಜೆ ಅಮ್ಮ ದೇವರ ಮನೆಯಲ್ಲಿ ಕೂತಿದ್ದಳು. ಗೇಟಿನ ಹತ್ತಿರ ನಿಂತಿದ್ದವಳು ನಾನು. ಬೀದಿ ಅಷ್ಟು ಸುಮ್ಮನಿದ್ದುದನ್ನು ನಾನು ಕಂಡೇ ಇರಲಿಲ್ಲ. ಅತ್ತುಬಿಟ್ಟೆ ಅಣ್ಣ.

ಶುಕ್ರವಾರ ನಿನ್ನ ತಿಥಿ. ಸೀನು ಇಟ್ಟಿದ್ದನ್ನು ತಗೊಂಡು ಹೊರಡು. ಅಲ್ಲಿ ಅಪ್ಪ ಇದ್ದಾರೆ, ತಾತ ಇದ್ದಾರೆ. ಹೋಗಿ ಬಾ ಅಂತ ಬಾಯಿಗೆ ಬರುತ್ತಿದೆ, ಹಾಗನ್ನಬಾರದಂತೆ. ಸುಖವಾಗಿ ಹೋಗು, ಸೇತು.

ನಿನ್ನ ತಂಗಿ,
ಪಂಕಜಾ