ಗುಂಡಿಯಲ್ಲ, ತೇಪೆ

ರೀ, ಪುಟ್ಟಿಯನ್ನು ಆಸ್ಪತ್ರೆಗೆ ಸೇರಿಸಲು ಹೊರಟೆ. ಅನ್ನ ಮುಚ್ಚಿಟ್ಟಿದ್ದೇನೆ, ತಿಂದು ಹನ್ನೊಂದರೊಳಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಬನ್ನಿ.

ಎದೆ ಕೊಯ್ಯುವುದು ಬೇಡ, ತೊಡೆಯ ರಕ್ತನಾಳದಿಂದ ಬಿಲ್ಲೆ ಕಳಿಸಿ ಹೃದಯದ ಆ ಹುಟ್ಟಿದಾಗಿನ ತೂತು ಮುಚ್ಚಲಿ ಎಂದಿರಲ್ಲ, ನಿನ್ನೆ ಡಾಕ್ಟರಿಗೆ ಅದನ್ನೇ ಹೇಳಿದೆ. ತೂತಿಗೆ ಅಂಚು ಸಾಲದು, ಬಿಲ್ಲೆ ನಿಲ್ಲುವುದಿಲ್ಲ, ಆಪರೇಷನ್ ಮಾಡಿ ಹೊಲಿದೇ ಮುಚ್ಚಬೇಕು ಎಂದರು. ನನಗೆ ತಿಳಿಯಿತೋ ಇಲ್ಲವೋ ಎಂಬ ಭಯಕ್ಕೆ ಮೂರು ಸಲ ಕೇಳಿದೆ. ಕೊನೆಗೆ ಪುಟ್ಟಿಯೇ, "ಅಮ್ಮ, ಅಂಚು ಹರಿದ ಬಟ್ಟೆಗೆ ನೀನು ಗುಂಡಿ ಹಚ್ಚುತ್ತೀಯಾ? ತೇಪೆ ತಾನೇ ಹಾಕೋದು!" ಅಂದಳು. ಡಾಕ್ಟರು ನಕ್ಕು, "ಇನ್ನು ಎಲ್ಲರಿಗೂ ಹೀಗೇ ಹೇಳ್ತೀನಿ" ಅಂದರು. ನನ್ನ ಹೊಲಿಗೆ ಮಷಿನ್ನಿನ ಪಕ್ಕ ಕೂತು ಕಲಿತಿದ್ದು ಕಣ್ರೀ!

ಎದೆಯ ಮೇಲೆ ಉಳಿಯಲಿರುವ ಗಾಯದ ಗುರುತಿನ ಮಾತು ಅವಳೆದುರು ಎತ್ತಬೇಡಿ. ಅದನ್ನು ಮುಚ್ಚಲು ಕುತ್ತಿಗೆವರೆಗಿನ ಅಂಗಿ ಹೊಲಿಯಲಾ ಎಂದು ಕೇಳಿ ನಾನೇ ಬೈಸಿಕೊಂಡೆ. "ಕಾಣಲಿ ಬಿಡಮ್ಮ" ಅಂದಳು.